ಪಾದ್ರಿಗಳ ಪಾಲಿನ ಮೀನು

ನಮ್ಮ ಸವಾಯಿ ದ್ವೀಪದಲ್ಲಿ ಮಕೆರಿತಾಳತ್ತ ಬೊಟ್ಟು ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಉಡುಪು, ಬಿಳಿ ಟೋಪಿ, ಚರ್ಚಿನಲ್ಲಿ ಮೊದಲ ಸಾಲು. ಭಾನುವಾರ ನಸುಕಿಗೇ ಎದ್ದು, ಕಲ್ಲು ಕಾಯಿಸಿ ಅದರ ಮೇಲೆ ಅಡುಗೆ ಬೇಯಿಸಿ, ಒಳ್ಳೆಯದನ್ನೆಲ್ಲ ಪಾದ್ರಿಗಳ ತಟ್ಟೆಗೆ ಹಾಕುವಳು. ಉಳಿದದ್ದು ಮನೆಯವರಿಗೆ. ಗಂಡ ಬದುಕಿದ್ದಾಗ ಒಮ್ಮೆ ಗೊಣಗಿ ಬೈಸಿಕೊಂಡಿದ್ದ. ಆಮೇಲೆ ಆ ತಟ್ಟೆಯ ಕಡೆ ಕಣ್ಣೆತ್ತಿ ನೋಡಲಿಲ್ಲ, ಪಾಪ.

ಅವಳ ತಾಯಿ ಲೋಸಾ ಹಾಸಿಗೆ ಹಿಡಿದಿದ್ದಳು. ಬಾಯಲ್ಲಿ ಹಲ್ಲಿಲ್ಲ, ಹೊಟ್ಟೆಗೆ ಏನೂ ಸೇರುತ್ತಿರಲಿಲ್ಲ. ಅಂಥವಳು ಒಂದು ಶನಿವಾರ, ಪಕ್ಕದ ಮನೆಯ ತಲಾ ಎಂಬವಳು ದಪ್ಪನೆಯ ಮೀನೊಂದನ್ನು ತಂದುಕೊಟ್ಟಾಗ ತಲೆ ಎತ್ತಿದಳು.

"ಅದರ ತಲೆ ತೆಂಗಿನ ಹಾಲಲ್ಲಿ ಬೇಯ್ಸೇ. ಬಾಯೆಲ್ಲ ಕೆಟ್ಟೋಗಿದೆ."

"ನಾಳೆ ಭಾನುವಾರ ಅಲ್ವೇನಮ್ಮ? ಇದು ದೇವ್ರ ಪಾಲು. ಸೋಮವಾರ ಬೇರೆ ತಂದು ಮಾಡ್ಕೊಡ್ತೀನಿ."

"ದೇವ್ರಿಗೆ ಅಷ್ಟೊಂದು ಹಸಿವೇನೇ?" ಎಂದು ಮುದುಕಿ ಮಗ್ಗುಲು ಬದಲಿಸಿದಳು.

ತಲಾಗೆ ತಡೆಯಲಾಗಲಿಲ್ಲ. "ತಲೆಯೊಂದು ಕೊಡೇ ಮಾರಾಯ್ತಿ. ಪಾದ್ರಿಗಳೇನು ಅಳತೆ ಹಿಡ್ದು ನೋಡ್ತಾರಾ?"

"ತಲೆ ಇಲ್ದಿರೋ ಮೀನು ಕೊಟ್ರೆ ಜನ ಏನಂತಾರೆ?"

ನೋಡಿ, ಕೊನೆಗೆ ಅವಳ ಬಾಯಿಗೆ ಬಂದದ್ದು ದೇವರಲ್ಲ, ಜನ!

ಭಾನುವಾರ ಮೀನು ಇಡಿಯಾಗಿಯೇ ಹೋಯಿತು. ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಲೋಸಾ ತೀರಿಕೊಂಡಿದ್ದಳು.

ಪಾದ್ರಿಗಳನ್ನು ಕರೆಯಲು ಓಡಿದ ಮಕೆರಿತಾ ಅವರ ಹಿತ್ತಿಲಲ್ಲೇ ನಿಂತುಬಿಟ್ಟಳು. ಅಲ್ಲಿ ನಾಯಿ ಮೀನಿನ ತಲೆ ಕಡಿಯುತ್ತಿತ್ತು. ಅವಳದೇ ಮೀನು. ಪಾದ್ರಿಗಳ ಹೆಂಡತಿ ನಾಚಿ ಹೇಳಿದಳು: "ಏನ್ ಮಾಡ್ಲಮ್ಮ, ಇವ್ರಿಗೆ ಕಾಲ್ಬೆರಳು ಊದಿಕೊಳ್ತಾವೆ. ಮೀನು ಮುಟ್ಲೇಬಾರ್ದು ಅಂತ ಡಾಕ್ಟ್ರು ಹೇಳಿ ವರ್ಷಗಳೇ ಆದ್ವು."

"ಒಂದ್ ಮಾತು ಹೇಳ್ಬಾರ್ದಿತ್ತಾ ಅಮ್ಮಾವ್ರೆ?"

"ದೇವ್ರ ಪಾಲು ಬೇಡ ಅನ್ನೋದು ಹ್ಯಾಗಮ್ಮ? ತಂದವ್ರಿಗೆ ಬೇಜಾರಾಗಲ್ವಾ?"

ಅಯ್ಯೋ ಕರ್ಮವೇ! ಕೊಡುವವರಿಗೂ ಪದ್ಧತಿ, ತೆಗೆದುಕೊಳ್ಳುವವರಿಗೂ ಪದ್ಧತಿ. ನಡುವೆ ಹಸಿದದ್ದು ಆ ಮುದುಕಿಯೊಬ್ಬಳೇ.

ಮಣ್ಣು ಮಾಡುವ ದಿನ ಪಾದ್ರಿಗಳು, "ಒಂದು ಭಾನುವಾರವೂ ತಪ್ಪದ ತಟ್ಟೆ ಈ ಮನೆಯದು" ಎಂದು ಎಲ್ಲರೆದುರು ಹೊಗಳಿದರು. ಮಕೆರಿತಾ ತಲೆ ತಗ್ಗಿಸಿಯೇ ನಿಂತಿದ್ದಳು. ನಮ್ಮಲ್ಲಿ ಎಲ್ಲರೂ ಮಾಡುವಂತೆ ತಾಯಿಯನ್ನು ಮನೆಯ ಮುಂದೆಯೇ ಹೂಳಿದರು.

ಮುಂದಿನ ಭಾನುವಾರ ಚರ್ಚಿನ ಗಂಟೆ ಹೊಡೆದಾಗ ಅವಳು ಹಳೇ ಬಟ್ಟೆಯಲ್ಲೇ ಇದ್ದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನಿನ ತಲೆಯನ್ನು ತಟ್ಟೆಗೆ ಹಾಕಿಕೊಂಡು ಬಂದು ಗೋರಿಯ ಪಕ್ಕ ಕೂತಳು.

"ಪ್ರಾರ್ಥನೆಗೆ ಹೊತ್ತಾಯ್ತು, ಬರಲ್ವೇನೇ?" ಎಂದು ತಲಾ ದಾರಿಯಿಂದ ಕೂಗಿದಳು.

ಮಕೆರಿತಾಗೆ ಬಾಯಿಪಾಠ ಬಾರದ ಪ್ರಾರ್ಥನೆಯೇ ಇರಲಿಲ್ಲ. ಅವತ್ತು ಒಂದೂ ನಾಲಿಗೆಗೆ ಬರಲಿಲ್ಲ.

"ಸೋಮವಾರ ಅಂದಿದ್ನಲ್ಲಮ್ಮ," ಎಂದಳು ಗೋರಿಗೆ, ಬಿಕ್ಕುತ್ತ. ತಾಯಿಗೆ ಹಲ್ಲಿರಲಿಲ್ಲವಲ್ಲ, ಅದಕ್ಕೆ ಒಂದೊಂದೇ ಮುಳ್ಳು ಬಿಡಿಸತೊಡಗಿದಳು.