ತೊಳೆದು ಕುಡಿದ ತಟ್ಟೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಮೈಸೂರು ಯೂನಿವರ್ಸಿಟಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೋಳಿಮರಿಗಳ ಹಸಿವನ್ನು ತೂಗುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿದರೆ ಈಗಲೂ ಜನ ನಗುತ್ತಾರೆ. ಆಗ ಅಪ್ಪನ ಸ್ನೇಹಿತರೊಬ್ಬರು ಮನೆಗೆ ಬಂದಾಗಲೆಲ್ಲ, "ಎಂಎಸ್ಸಿ ಮಾಡಿ ಕೋಳಿ ಕಾಯ್ತಿದ್ದೀಯಂತಲ್ಲಯ್ಯ?" ಎಂದು ಕೆಣಕುತ್ತಿದ್ದರು. ನಾನು ಮುಖ ಗಂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದೆ. ಲಿಂಗವಂತರ ಮನೆಯ ಹುಡುಗ ಕೋಳಿ ಮುಟ್ಟುತ್ತಾನೆಂಬುದು ಬನ್ನಿಮಂಟಪದ ಕಡೆಯ ನಮ್ಮ ಬೀದಿಯಲ್ಲಿ ಸಣ್ಣ ಸುದ್ದಿಯೇನಲ್ಲ. ಲ್ಯಾಬಿನ ನಲ್ಲಿಯಲ್ಲಿ ಮೊಣಕೈವರೆಗೆ ಉಜ್ಜಿ ತೊಳೆದು, ಅಂಗಿ ಬದಲಿಸಿ, ಆಮೇಲೆ ಸೈಕಲ್ ಹತ್ತುತ್ತಿದ್ದೆ. ಆದರೂ ಅಮ್ಮನ ಮೂಗಿಗೆ ಗೊತ್ತಾಗುತ್ತಿತ್ತು.

ಮರಿಗಳು ಪಕ್ಕದ ಹಳ್ಳಿ ಹಿನಕಲ್ಲಿನಿಂದ ಬರುತ್ತಿದ್ದವು. ಅಲ್ಲಿನ ಒಬ್ಬ ಒಕ್ಕಲಗಿತ್ತಿ ಬಿದಿರಿನ ಕುಕ್ಕೆಯಲ್ಲಿ ಅವನ್ನು ಹೊತ್ತು ತಂದು, ವಿಭಾಗದ ಹಿಂದಿನ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಹೊಸ ಜಾಗಕ್ಕೆ ಬಂದ ಮರಿ ತಿನ್ನದೆ ಮಂಕಾಗಿ ಕೂತರೆ ಏನು ಮಾಡಬೇಕೆಂದು ನನಗೆ ಹೇಳಿಕೊಟ್ಟವಳು ಅವಳೇ. "ಬೆರಳಲ್ಲಿ ಕುಟ್ಟಿ ಸಾಮಿ, ತಾಯಿ ಕೊಕ್ಕಲ್ಲಿ ಕುಟ್ಟಲ್ವಾ, ಅಂಗೇ. ತಾನಾಗೇ ತಿಂತವೆ," ಎಂದಿದ್ದಳು. ತಟ್ಟೆಯ ಅಂಚಿಗೆ ಉಗುರಿನಿಂದ ಟಕ್ ಟಕ್ ಎಂದು ಕುಟ್ಟಿದರೆ ಸಾಕು, ಮರಿ ಕತ್ತು ಓರೆ ಮಾಡಿ ನೋಡಿ ಕಾಳಿಗೆ ಬಾಯಿ ಹಾಕುತ್ತಿತ್ತು. ನಮ್ಮ ಪುಸ್ತಕಗಳಲ್ಲಿ ಆ ಮಾತು ನನಗೆಲ್ಲೂ ಸಿಕ್ಕಿರಲಿಲ್ಲ.

ಕೆಲಸ ಇಷ್ಟೇ. ನಾಲ್ಕೈದು ದಿನದ ಮರಿಯನ್ನು ಕೆಲವು ಗಂಟೆ ಉಪವಾಸ ಕೆಡವುವುದು. ಅದರ ತಲೆಬುರುಡೆ ಆಗ ಇನ್ನೂ ಮೆತ್ತಗಿರುತ್ತದೆ. ಎಡಗೈಯಲ್ಲಿ ಹಿಡಿದು, ಕೂದಲಿನಂಥ ಸೂಜಿಯಿಂದ ಮಿದುಳಿಗೆ ಒಂದು ಹನಿ ಔಷಧ ಇಳಿಸುವುದು. ಆಮೇಲೆ ಒಂಟಿ ಗೂಡಿನಲ್ಲಿ ಬಿಟ್ಟು, ತೂಕ ಮಾಡಿದ ಮೇವಿಟ್ಟು, ಒಂದು ಗಂಟೆಯ ನಂತರ ಉಳಿದದ್ದನ್ನು ತೂಗಿ ಬರೆದುಕೊಳ್ಳುವುದು. ಕೆಲವು ಔಷಧಕ್ಕೆ ಮರಿಗಳು ಬಿಡುವಿಲ್ಲದೆ ತಿನ್ನುತ್ತಿದ್ದವು. ಸೆರೊಟೋನಿನ್ ಎಂಬ ವಸ್ತುವಿನ ಹನಿ ಬಿದ್ದ ಮರಿಗಳನ್ನು ಮಾತ್ರ ನೋಡುವುದು ಕಷ್ಟವಾಗುತ್ತಿತ್ತು. ಹೊಟ್ಟೆ ಖಾಲಿ, ಕಾಲ ಕೆಳಗೇ ಮೇವು. ಅವು ಓಡಾಡುತ್ತಿದ್ದವು, ಚಿಂವ್‌ಗುಟ್ಟುತ್ತಿದ್ದವು, ಮೇವಿನ ಮೇಲೇ ನಿಂತಿರುತ್ತಿದ್ದವು, ತಿನ್ನುತ್ತಿರಲಿಲ್ಲ. ಅದು ಅವುಗಳ ಹಠವಲ್ಲ, ಬೇಕು ಅನ್ನುವುದೇ ಆರಿಹೋಗಿರುತ್ತಿತ್ತು. ನಮ್ಮ ಪ್ರೊಫೆಸರು, "ಹಸಿವು ಹೊಟ್ಟೇಲಿಲ್ಲಯ್ಯ, ತಲೇಲಿದೆ," ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನಾನೂ ಅದನ್ನು ಗೆಳೆಯರ ಮುಂದೆ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ನನ್ನ ತಂಗಿಗೆ ಟೈಫಾಯ್ಡ್ ಆಯಿತು. ನನಗಿಂತ ಐದು ವರ್ಷ ಚಿಕ್ಕವಳು, ಮಾತಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು. ಮೂರು ವಾರಕ್ಕೆ ಜ್ವರ ಬಿಟ್ಟಿತು, ಹಸಿವು ಮಾತ್ರ ತಿರುಗಿ ಬರಲಿಲ್ಲ. ಟೈಫಾಯ್ಡಿನಿಂದ ಎದ್ದವರು ಮನೆಯನ್ನೇ ತಿನ್ನುವಂತೆ ತಿನ್ನುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. ಅಮ್ಮ ಗಂಜಿ ಕಾಯಿಸಿದಳು, ಮೆಣಸಿನ ಸಾರು ಮಾಡಿದಳು, ನಿಂಬೆಕಾಯಿ ಉಪ್ಪಿನಕಾಯಿಯ ಹೊಸ ಜಾಡಿ ತೆಗೆದಳು.

ಒಂದು ಭಾನುವಾರ ಜಗಲಿಯಲ್ಲಿ ತಂಗಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: "ಹಸಿವು ಅಂದ್ರೆ ಹೆಂಗಿರುತ್ತೆ ಅಂತ್ಲೇ ಮರ್ತೋಗಿದೆ ಕಣಣ್ಣ."

ನಾನು ಪೇಪರಿನಿಂದ ತಲೆ ಎತ್ತದೆ, "ನಮ್ ಲ್ಯಾಬಿಗೆ ಬಾ. ಒಂದು ಸೂಜಿ ಚುಚ್ತೀನಿ, ಬಕಬಕ ಅಂತ ತಿಂತೀಯ," ಎಂದೆ.

ಅವಳು ನಕ್ಕಳು, ನಾನೂ ನಕ್ಕೆ. ಇಡೀ ಮೈಸೂರಿನಲ್ಲಿ ಆ ಮಾತು ಕೇಳಿ ಎಚ್ಚೆತ್ತುಕೊಳ್ಳಬೇಕಾದವನು ಯಾರಾದರೂ ಇದ್ದರೆ ಅದು ನಾನು. ನಾನೋ ಪೇಪರು ಓದಿದೆ.

ನಮ್ಮ ಮನೆಯಲ್ಲಿ ಊಟವೆಂದರೆ ಪ್ರಸಾದ. ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡದೆ ಯಾರೂ ತಟ್ಟೆಗೆ ಕೂರುವಂತಿಲ್ಲ, ಕೂತ ಮೇಲೆ ಒಂದಗುಳೂ ಬಿಡುವಂತಿಲ್ಲ. ಕೊನೆಗೆ ತಟ್ಟೆಗೆ ನೀರು ಹುಯ್ದು, ಬೆರಳಿನಿಂದ ಬಳಿದು ತೊಳೆದು, ಆ ನೀರನ್ನೂ ಕುಡಿಯಬೇಕು. ಅಜ್ಜನ ಕಾಲದಿಂದ ಹೀಗೆಯೇ. ಹಾಗಾಗಿ ಯಾರು ಉಂಡರು, ಯಾರು ಬಿಟ್ಟರು ಎಂದು ತಿಳಿಯಲು ಅಮ್ಮನಿಗೆ ತಟ್ಟೆಯೇ ಸಾಕ್ಷಿ. ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಮತ್ತು ನಾನು ಊಟ ಮಾಡಿ ಹೊರಡುತ್ತಿದ್ದೆವು. ಅಮ್ಮ ಹಿಂದೆಯೇ ಉಂಡು, ಮಧ್ಯಾಹ್ನ ನಡುಮನೆಯಲ್ಲಿ ಸ್ವಲ್ಪ ಅಡ್ಡಾಗುತ್ತಿದ್ದಳು. ತಂಗಿಯ ಪೂಜೆ ಜ್ವರ ಬಿಟ್ಟ ಮೇಲೆ ಉದ್ದವಾಗಿತ್ತು. ಅದು ಮುಗಿಯುವ ಹೊತ್ತಿಗೆ ಹನ್ನೆರಡು ದಾಟಿರುತ್ತಿತ್ತು, ಅವಳೇ ಬಡಿಸಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು. ರಾತ್ರಿಗೆ, "ಮಧ್ಯಾಹ್ನ ತಡ ಆಯ್ತಮ್ಮ, ಹಾಲು ಸಾಕು," ಅನ್ನುತ್ತಿದ್ದಳು.

ಅವಳು ಸೊರಗುತ್ತಿರುವುದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಕೇಳಿದಾಗ ಅಮ್ಮ ರೇಗಿದಳು. "ದಿನಾ ತಟ್ಟೆ ತೊಳ್ದು ಕುಡೀತಾಳೆ ಕಣೋ, ಎದ್ಮೇಲೆ ತಟ್ಟೆ ನಾನೇ ನೋಡ್ತೀನಲ್ಲ. ಜ್ವರ ತಿಂದಿರೋ ಮೈ, ನಿಧಾನಕ್ಕೆ ತುಂಬ್ಕೊಳುತ್ತೆ ಬುಡು." ದಸರೆಗೆ ಬಂದ ನೆಂಟರಂತೂ ಹುಡುಗಿ ತೆಳ್ಳಗೆ ಎಷ್ಟು ಲಕ್ಷಣವಾಗಿದ್ದಾಳೆ, ಪೂಜೆಯಲ್ಲಿ ಎಂಥ ಭಕ್ತಿ ಎಂದು ಹೊಗಳಿದರು. ಅಮ್ಮ ದೃಷ್ಟಿ ತೆಗೆದಳು.

ದಸರೆ ಕಳೆದ ವಾರ ಲ್ಯಾಬಿನಲ್ಲಿ ನನ್ನ ಲೆಕ್ಕ ತಪ್ಪಿತು. ಸೆರೊಟೋನಿನ್ ಹನಿ ಬಿದ್ದ ಎರಡು ಮರಿಗಳ ಮೇವಿನ ತಟ್ಟೆ ಪೂರ್ತಿ ಖಾಲಿಯಾಗಿತ್ತು. ಔಷಧ ಕೆಲಸ ಮಾಡಿಲ್ಲವೆಂದು ಬರೆದು ಪ್ರೊಫೆಸರಿಗೆ ತೋರಿಸಿದೆ. ಅವರು ಎದ್ದು ಬಂದು ಒಂದು ಮರಿಯನ್ನು ಎತ್ತಿಕೊಂಡರು. ಕೋಳಿ ತಿಂದದ್ದು ಮೊದಲು ಕತ್ತಿನ ಬುಡದ ಚೀಲದಲ್ಲಿ ನಿಲ್ಲುತ್ತದೆ. ನನ್ನ ಬೆರಳು ಹಿಡಿದು ಅಲ್ಲಿಗೆ ಒತ್ತಿದರು. ಬರೀ ಚರ್ಮ ಸಿಕ್ಕಿತು, ಒಳಗೆ ಏನೂ ಇರಲಿಲ್ಲ. ಆಮೇಲೆ ಗೂಡಿನ ನೆಲಕ್ಕೆ ಹಾಸಿದ್ದ ಮರದ ಹೊಟ್ಟನ್ನು ಕೆದಕಿ ತೋರಿಸಿದರು. ಕಾಲಿನಲ್ಲಿ ಚೆಲ್ಲಾಡಿದ ಮೇವೆಲ್ಲ ಅಲ್ಲಿತ್ತು.

"ತಟ್ಟೆ ಖಾಲಿ ಆದ್ರೆ ಹೊಟ್ಟೆ ತುಂಬ್ತು ಅಂತ ಬರ್ಕೊಂಡುಬಿಡ್ತೀಯಲ್ಲ, ನಿನಗೆ ಯಾರಯ್ಯ ಎಂಎಸ್ಸಿ ಕೊಟ್ಟೋರು?"

ಎಲ್ಲರ ಮುಂದೆ ಬೈಸಿಕೊಂಡ ಅವಮಾನದಲ್ಲಿ ಸೈಕಲ್ ತುಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ನಮ್ಮ ಮನೆಯ ತಟ್ಟೆ ನೆನಪಾಯಿತು. ಕಾಲು ತುಳಿಯುವುದನ್ನು ನಿಲ್ಲಿಸಿಬಿಟ್ಟಿತು.

ಮಾರನೆಯ ದಿನ ಹನ್ನೆರಡೂವರೆಗೆ ಮನೆಗೆ ಬಂದೆ. ಅಮ್ಮ ನಡುಮನೆಯಲ್ಲಿ ಮಲಗಿದ್ದಳು. ಹಿತ್ತಿಲ ಬಾಗಿಲಲ್ಲಿ ತಂಗಿ ಬಗ್ಗಿ ನಿಂತಿದ್ದಳು. ಬೀದಿಯ ಕಂದು ಹಸುವೊಂದು ಮೆಟ್ಟಿಲವರೆಗೆ ಬಂದು ಅವಳ ಕೈಯಿಂದ ಅನ್ನ ತಿನ್ನುತ್ತಿತ್ತು. ಅದಕ್ಕೆ ಹೊತ್ತು ಗೊತ್ತಿತ್ತು, ಬಾಗಿಲೂ ಗೊತ್ತಿತ್ತು. ಪ್ರಸಾದ ಚೆಲ್ಲಿದರೆ ಪಾಪ, ಹಸುವಿಗೆ ಕೊಟ್ಟರೆ ಪುಣ್ಯ. ಹಸು ಅತ್ತ ಹೋದ ಮೇಲೆ ಅವಳು ತಟ್ಟೆಯಲ್ಲಿ ಉಳಿದಿದ್ದ ಒಂದು ತುತ್ತು ಬಾಯಿಗಿಟ್ಟು, ನೀರು ಹುಯ್ದು, ಬೆರಳಿನಿಂದ ತೊಳೆದು ಕುಡಿದಳು. ತಿರುಗಿದಾಗ ನಾನಿದ್ದೆ.

ಅವಳ ಮುಂಗೈ ಹಿಡಿದೆ. ನನ್ನ ಹೆಬ್ಬೆರಳು ತೋರುಬೆರಳು ಸುತ್ತಿ ಕೂಡಿಯೂ ಸಡಿಲವಾಗಿದ್ದವು. ದಿನಕ್ಕೆ ಇಪ್ಪತ್ತು ಮರಿ ಹಿಡಿಯುವ ಕೈ ಅದು, ತೂಕ ಅದಕ್ಕೆ ಗೊತ್ತಾಗುತ್ತದೆ.

"ಅಮ್ಮಂಗೆ ಹೇಳ್ಬೇಡ ಕಣಣ್ಣ, ಅಳ್ತಾಳೆ," ಎಂದಳು. "ನಾನು ಹಠ ಮಾಡ್ತಿಲ್ಲ. ಬಾಯಿಗಿಟ್ರೆ ಬೇಕು ಅನ್ಸಲ್ಲ, ಗಂಟ್ಲಲ್ಲಿ ಇಳಿಯಲ್ಲ. ಅಷ್ಟೇ."

ಅವಳು ಸುಳ್ಳಾಡುತ್ತಿಲ್ಲವೆಂದು ನನಗೆ ಗೊತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದೆ. ಹಾಗೆಂದವನು ಅವತ್ತೇ ಕರೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಲ್ಯಾಬಿನಲ್ಲಿ ಔಷಧದ ಸೀಸೆಯ ಸೀಲು ತೆರೆದಾಗಿತ್ತು, ಐಸಿನಲ್ಲಿಟ್ಟರೂ ಹೆಚ್ಚು ದಿನ ತಡೆಯುವುದಿಲ್ಲ. ಹೊಸ ಮರಿಗಳು ತಂಡತಂಡವಾಗಿ ಬರುತ್ತಿದ್ದವು, ದಿನ ಕಳೆದರೆ ಅವುಗಳ ಬುರುಡೆ ಗಟ್ಟಿಯಾಗಿ ಸೂಜಿ ಇಳಿಯುವುದಿಲ್ಲ. ಎಲ್ಲರ ಮುಂದೆ ಹೋದ ಮಾನವನ್ನು ಈ ಸಲದ ಲೆಕ್ಕದಿಂದ ವಾಪಸು ಪಡೆಯಬೇಕಿತ್ತು. "ಇನ್ನೊಂದು ಹತ್ತು ದಿನ. ಈ ಮರಿಗಳು ಮುಗೀಲಿ, ನಾನೇ ಕರ್ಕೊಂಡೋಗ್ತೀನಿ," ಎಂದೆ. ಅವಳು ಕೂಡಲೇ ಒಪ್ಪಿದಳು. ಅವಳು ಒಪ್ಪಿದ್ದನ್ನೇ ನಾನು ಅಪ್ಪಣೆ ಎಂದುಕೊಂಡೆ. ಅಮ್ಮನಿಗೆ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಬಿದ್ದಳು.

ಆಸ್ಪತ್ರೆಯ ಡಾಕ್ಟರು ಅವಳ ಪಕ್ಕೆಲುಬುಗಳನ್ನು ನೋಡಿ ನಮ್ಮ ಕಡೆ ತಿರುಗಿ, "ಇಷ್ಟು ದಿನ ಮನೇಲಿ ಏನ್ ಮಾಡ್ತಿದ್ರಿ?" ಎಂದರು. ಅಮ್ಮ, "ತಟ್ಟೆ ತೊಳ್ದು ಕುಡೀತಿದ್ಲು ಸ್ವಾಮಿ," ಅಂದಳು. ಅವರಿಗೆ ಅರ್ಥವಾಗಲಿಲ್ಲ. ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಗ್ಲೂಕೋಸ್ ಏರಿಸಿದರು. ಎರಡನೆಯ ದಿನ ಮಧ್ಯಾಹ್ನ ಮೆತ್ತಗೆ ಕಲಸಿದ ಮೊಸರನ್ನವನ್ನು ಅವಳ ಮುಂದಿಟ್ಟುಕೊಂಡು ಕೂತಿದ್ದೆ. ಅವಳು ನೋಡುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ಎಷ್ಟು ಹೊತ್ತಿನಿಂದಲೋ ಏನೋ, ನನ್ನ ಉಗುರು ತಟ್ಟೆಯ ಅಂಚನ್ನು ಟಕ್ ಟಕ್ ಎಂದು ಕುಟ್ಟುತ್ತಿತ್ತು. ಅವಳು ಕತ್ತು ಓರೆ ಮಾಡಿ ನನ್ನ ಬೆರಳು ನೋಡಿದಳು.

"ನಾನೇನ್ ಕೋಳಿಮರೀನಾ?" ಎಂದು ನಕ್ಕಳು. ನಕ್ಕು, ಎರಡು ತುತ್ತು ತಿಂದಳು. ಮೂರನೆಯದಕ್ಕೆ ಕೈ ಅಡ್ಡ ಇಟ್ಟಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳ ಎದೆಬಡಿತ ನಿಂತಿತು. ನಮ್ಮ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟೆವು. ಸಮಾಧಿಗೆ ಇಳಿಸುವಾಗ ಹಿಡಿದವರಲ್ಲಿ ನಾನೂ ಒಬ್ಬ. ನಾಲ್ಕು ಜನ ಬೇಕಿರಲಿಲ್ಲ.

ಅದಾದ ಮೇಲೆ ಎಷ್ಟೋ ದಿನ ಮಧ್ಯಾಹ್ನ ಆ ಹಸು ಹಿತ್ತಿಲಿಗೆ ಬಂದು ನಿಲ್ಲುತ್ತಿತ್ತು. ಅಮ್ಮನಿಗೆ ಅದೇಕೆ ಬರುತ್ತದೆಂದು ತಿಳಿಯದು, ಓಡಿಸುತ್ತಿದ್ದಳು. ಒಂದು ದಿನ ನನ್ನಿಂದ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಹಸುವಿನದೂ, ಹತ್ತು ದಿನದ್ದೂ. ಅಮ್ಮ ಕೂಗಾಡಲಿಲ್ಲ. "ನಾನು ಓದ್ದೋಳಲ್ಲ, ತಟ್ಟೆ ನೋಡ್ದೆ. ನೀನು?" ಎಂದಳು.

ಆ ವರ್ಷದ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರ ಇದೆ. ಬೆನ್ನು ಹರಿದಿದೆ, ಅಕ್ಷರ ಅಳಿಸಿಲ್ಲ. ಆ ಒಂಬತ್ತು ದಿನಗಳಲ್ಲಿ ಪ್ರತಿ ಮರಿ ಎಷ್ಟು ತಿಂದಿತು, ಎಷ್ಟು ಚೆಲ್ಲಿತು, ಕತ್ತಿನ ಚೀಲದಲ್ಲಿ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿದೆ. ಈ ಸಲ ಒಂದು ಲೆಕ್ಕವೂ ತಪ್ಪಿಲ್ಲ, ಪ್ರೊಫೆಸರು ಕೆಂಪು ಮಸಿಯಲ್ಲಿ ಭೇಷ್ ಎಂದು ಬರೆದಿದ್ದಾರೆ. ತಂಗಿ ಆ ಒಂಬತ್ತು ದಿನ ಏನು ತಿಂದಳೆಂದು ನನಗೆ ಗೊತ್ತಿಲ್ಲ.