ಹೊಗಳಿ ಕೆಡಿಸಿದ ಸಂಬಂಧ

ಹೋದ ಭಾನುವಾರ ಬೆಳಿಗ್ಗೆ ಒಬ್ಬರು ಪತ್ತೇದಾರರು ನಮ್ಮ ಮನೆಯ ಬೆಲ್ ಒತ್ತಿದರು.

ಪತ್ತೇದಾರರು ಎಂದು ಅವರೇನೂ ಹೇಳಿಕೊಳ್ಳಲಿಲ್ಲ. ಜೀವನ್ ಬಿಮಾ ನಗರದಲ್ಲಿ ಬಾಡಿಗೆಗೆ ಮನೆ ಹುಡುಕುತ್ತಿದ್ದೇನೆ ಎಂದರು. ಗರಿಗರಿ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೆಲ್ಮೆಟ್. ಮೊದಲ ಪ್ರಶ್ನೆ, ನೀರು ದಿನಾ ಬರುತ್ತದೆಯೇ? ಎರಡನೆಯದು, ಪಾರ್ಕಿಂಗ್ ಇದೆಯೇ? ಮೂರನೆಯದು, "ಮ್ಯಾಲಿನ ಮನ್ಯಾಗಿನ ಹುಡುಗ ಕುಡೀತಾನೇನ್ರಿ?"

ಮನೆ ನೋಡಲು ಬಂದವರು ಯಾರಾದರೂ ಹೀಗೆ ಕೇಳುತ್ತಾರೆಯೇ? ನನಗೆ ತಕ್ಷಣ ಗೊತ್ತಾಗಿಹೋಯಿತು. ಹುಡುಗಿ ಕಡೆಯವರು, ವಿಚಾರಿಸಲು ಬಂದಿದ್ದಾರೆ. ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

ಮೇಲಿನ ಮನೆಯ ಹುಡುಗ ಎಂದರೆ ಮಲ್ಲಿಕಾರ್ಜುನ, ನಮ್ಮೆಲ್ಲರ ಮಲ್ಲು. ಕಲಬುರಗಿಯವನು, ಮಾರತ್ತಹಳ್ಳಿಯಲ್ಲಿ ಕೆಲಸ, ವಯಸ್ಸು ಮೂವತ್ತೆರಡು. ಈಗಾಗಲೇ ಎರಡು ಸಂಬಂಧ ಇನ್ನೇನು ಕುದುರಿತು ಎನ್ನುವಾಗ ತಪ್ಪಿಹೋಗಿದ್ದವು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈ ಸಲದ ಹುಡುಗಿ ಕೆ.ಆರ್. ಪುರದವಳು. ಒಂದೇ ಭೇಟಿಯಲ್ಲಿ ಇವನಿಗೆ ಅವಳು, ಅವಳಿಗೆ ಇವನು ಇಷ್ಟವಾಗಿಬಿಟ್ಟಿದ್ದರು. "ಅಕ್ಕಾರ, ಹುಡುಗಿ ಸೋದರಮಾವ ಕೇಳ್ಲಿಕ್ಕ ಬರ್ತಾರ. ಈ ಸಲ ತಪ್ಪಬಾರ್ದ್ರಿ. ಸ್ವಲ್ಪ ಛಲೋ ಮಾತಾಡ್ರಿ" ಎಂದು ಮೆಟ್ಟಿಲ ಮೇಲೆ ನಿಂತು ಕೇಳಿಕೊಂಡಿದ್ದ.

ಛಲೋ ಮಾತು ತಾನೇ? ವಾರವಾರ ಅಂಕಣ ಬರೆಯುವವಳಿಗೆ ಅದೇನು ದೊಡ್ಡ ಕೆಲಸ?

ಶುರು ಮಾಡಿದೆ. ತುಂಬಾ ಒಳ್ಳೆಯ ಹುಡುಗ. ಗುಣವಂತ. ಸಜ್ಜನ. ಸುಸಂಸ್ಕೃತ. ನಿಗರ್ವಿ. ನಿಷ್ಕಳಂಕ. (ನಿಷ್ಕಳಂಕ ಎಂಬ ಪದವನ್ನು ಬರೆದಿದ್ದೆ, ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಅದೇ ಮೊದಲು.) ಸಜ್ಜನ ಎಂದಾಗ ಸೋದರಮಾವ ಹೆಲ್ಮೆಟ್ ಕೆಳಗಿಟ್ಟರು. ಸುಸಂಸ್ಕೃತ ಎಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ನಿಷ್ಕಳಂಕ ಎಂದಾಗ ಮತ್ತೆ ಹೆಲ್ಮೆಟ್ ಕೈಗೆತ್ತಿಕೊಂಡರು.

"ಚಹಾ ಮಾಡ್ತೀನಿ, ಕೂತ್ಕೊಳ್ಳಿ" ಎಂದೆ.

"ಚಹಾ ಬ್ಯಾಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ, ಖರೇ ಹೇಳ್ರಿ. ಏನು ಮುಚ್ಚಿಡ್ಲಾಕತ್ತೀರಿ?"

"ಮುಚ್ಚಿಡೋದಾ? ನಾನಾ?"

"ಹ್ವಾದ ವರ್ಷ ನಮ್ಮ ಪೈಕಿ ಒಬ್ರು ಇಲ್ಲೇ ಬಂದು ಕೇಳಿ ಹೋಗಿದ್ರು. ನೀವು ಅವ್ರಿಗೆ ದೇವರಂಥಾ ಹುಡುಗ ಅಂದ್ರಂತ. ಅದಕ್ಕೇ ಹೆದರಿ ಆ ಸಂಬಂಧಾನೇ ಬಿಟ್ರು. ಹೇಳ್ಲಿಕ್ಕ ಏನೂ ಇಲ್ದಾಗ, ಇಲ್ಲಾ ಹೇಳಬಾರದ್ದು ಇದ್ದಾಗ, ಮಂದಿ ಭಾಳ ಒಳ್ಳೆಯವ್ರು ಅಂತಾರ್ರಿ."

ಅಂದರೆ ಮಲ್ಲುವಿನ ಮದುವೆ ತಪ್ಪಿಸಿದವಳು ನಾನೇ. ಅದೂ ಹೊಗಳಿ.

ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಒಳ್ಳೆಯ ಪದಗಳನ್ನು ನಾವು ಎಲ್ಲೆಲ್ಲಿ ಖರ್ಚು ಮಾಡುತ್ತೇವೆ ನೋಡಿ. ಶ್ರದ್ಧಾಂಜಲಿಯ ಫ್ಲೆಕ್ಸ್‌ನಲ್ಲಿ. ಆಫೀಸಿನ ಫೇರ್‌ವೆಲ್‌ನಲ್ಲಿ, ಇವರು ಯಾವಾಗ ಹೋಗುತ್ತಾರೋ ಎಂದು ಕಾಯುತ್ತಿದ್ದವರ ಬಾಯಲ್ಲಿ. ನನ್ನ ಸ್ಕೂಲಿನ ಟಿಸಿಯಲ್ಲಿ ನಡತೆ ಉತ್ತಮ ಎಂದಿದೆ. ಮೇಷ್ಟರ ಕುರ್ಚಿಗೆ ಗೋಂದು ಬಳಿದವನ ಟಿಸಿಯಲ್ಲೂ ಅದೇ ಉತ್ತಮ. (ಗೋಂದು ತಂದುಕೊಟ್ಟವಳು ನಾನು, ಅದು ಬೇರೆ ವಿಷಯ.)

ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ಮಾವ ಕೆಳಗಿಳಿದಿದ್ದರು. ನಾನೂ ಸಿಕ್ಕಿದ ಚಪ್ಪಲಿ ಮೆಟ್ಟಿ ಹಿಂದೆಯೇ ಓಡಿದೆ. ಒಂದು ನನ್ನದು, ಇನ್ನೊಂದು ನಮ್ಮ ಯಜಮಾನರದು.

ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಸೆಲ್ವಿಯ ಇಸ್ತ್ರಿ ಗಾಡಿ. ಹಲಸೂರಿನಿಂದ ದಿನಾ ಬರುವ ಸೆಲ್ವಿ ನಮ್ಮ ಇಡೀ ಬಿಲ್ಡಿಂಗಿನ ಬಟ್ಟೆಗೆ ಇಸ್ತ್ರಿ ಹಾಕುತ್ತಾರೆ. ನಾನು ತಲುಪುವ ಹೊತ್ತಿಗೆ ಮಾವ ಆಗಲೇ ಕೇಳಿಬಿಟ್ಟಿದ್ದರು.

"ಮಲ್ಲು ಸಾರಾ? ಜಗಳಗಂಟ ಅವ್ರು" ಎಂದರು ಸೆಲ್ವಿ, ತಲೆ ಎತ್ತದೆ.

ಮುಗಿಯಿತು ಕಥೆ ಎಂದುಕೊಂಡೆ. ಮಾವನ ಮುಖ ಮಾತ್ರ ಅರಳಿತು. "ಹೌದಾ? ಹೇಳವ್ವ, ಹೇಳು."

"ಮಡಿಕೆ ಸರಿಯಿಲ್ಲ ಅಂದ್ರೆ ವಾಪಸ್ ತರ್ತಾರೆ. ಇಲ್ಲೇ ನಿಂತ್ಕೊಂಡು ಮತ್ತೆ ಮಾಡಿಸ್ಕೊಂಡೇ ಹೋಗೋದು. ಆದ್ರೆ ಒಂದು ಸಾರ್. ಷರ್ಟ್ ಗುಂಡಿ ಬಿದ್ದೋಗಿದ್ರೆ ಕೊಡುವಾಗ್ಲೇ ತೋರಿಸ್ತಾರೆ. ಇದು ಮೊದ್ಲೇ ಹೋಗಿದೆ ನೋಡಿ ಸೆಲ್ವಿ, ನಾಳೆ ನಾನು ಮರ್ತು ನಿಮ್ಮನ್ನ ಬೈದ್ಬಿಟ್ಟೇನು ಅಂತಾರೆ. ಬೇರೆಯವ್ರು ಎಲ್ಲೋ ಗುಂಡಿ ಕಳ್ಕೊಂಡು ನನ್ನ ಮೇಲೆ ಹಾಕ್ತಾರೆ."

ಮಾವ ಹೆಲ್ಮೆಟ್ ಗಾಡಿಯ ಮೇಲಿಟ್ಟರು. "ದಿನಾ ಹಿಂಗ ತೋರಸ್ತಾನೇನವ್ವ?"

"ಗುಂಡಿ ದಿನಾ ಬೀಳಲ್ಲ ಸಾರ್."

ಮಾವ ನನ್ನ ಕಡೆ ತಿರುಗಿದರು. "ಮೇಡಂ, ಆಗ ಚಹಾ ಅಂದ್ರಲ್ಲ, ಈಗ ಕುಡೀತೀನ್ರಿ."

ಬುಧವಾರ ನಿಶ್ಚಿತಾರ್ಥಕ್ಕೆ ದಿನ ನಿಗದಿಯಾಯಿತು. ಮಲ್ಲು ಪೇಡೆಯ ಡಬ್ಬಿ ಹಿಡಿದು ಮೆಟ್ಟಿಲು ಎರಡೆರಡು ಹಾರಿಕೊಂಡು ಬಂದ. "ಅಕ್ಕಾರ, ಮಾವಾರು ಭಾಳ ಖುಷಿಯಾಗ್ಯಾರ. ಅಂಥಾದ್ದೇನು ಹೇಳಿದ್ರಿ ನೀವು?" ನಾನು ಎರಡು ಪೇಡೆ ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲವಲ್ಲ.

ಸಂಜೆ ಮನಸ್ಸು ತಡೆಯದೆ ನಾಲ್ಕು ಪೇಡೆ ಕಟ್ಟಿಕೊಂಡು, ಬಟ್ಟೆಯ ಗಂಟಿನ ಜೊತೆ ಸೆಲ್ವಿಯ ಹತ್ತಿರ ಹೋದೆ. ಗಂಟಿನಲ್ಲಿ ನನ್ನ ನೀಲಿ ಕುರ್ತಾ ಇತ್ತು. ಎರಡು ತಿಂಗಳ ಹಿಂದೆ ಅದರ ಗುಂಡಿ ಕಾಣೆಯಾಗಿದೆ ಎಂದು ಇದೇ ಮರದ ಕೆಳಗೆ ನಿಂತು ಜೋರು ಮಾಡಿದ್ದೆ. (ಮರುದಿನ ಅದು ವಾಷಿಂಗ್ ಮಷೀನಿನಲ್ಲಿ ಸಿಕ್ಕಿತು, ಹೊಲಿದುಕೊಂಡೆ. ಸೆಲ್ವಿಗೆ ಹೇಳಲಿಲ್ಲ. ನಿಮಗೇ ಮೊದಲು ಹೇಳುತ್ತಿದ್ದೇನೆ.)

ಆದರೂ ಹುಚ್ಚು ಧೈರ್ಯ. "ಸೆಲ್ವಿ, ನಾಳೆ ಯಾರಾದ್ರೂ ಬಂದು ನನ್ನ ಬಗ್ಗೆ ಕೇಳಿದ್ರೆ ಏನು ಹೇಳ್ತೀರಾ?"

ಸೆಲ್ವಿ ನೀಲಿ ಕುರ್ತಾ ಬಿಡಿಸಿ ಹಾಸಿದರು. ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನಕ್ಕರು.

"ನೀವಾ ಮೇಡಂ? ನೀವು ತುಂಬಾ ಒಳ್ಳೆಯವ್ರು."