ಗಾಡಿಗೆ ಹೊಸ ಪಾಟಾ ಹಾಕಿದ ಮೇಲೆ

ನಮ್ಮ ಪಿಕಪ್ ಗಾಡಿಯ ಹಿಂದಿನ ಪಾಟಾಗಳು, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳು, ಉಳ್ಳಾಗಡ್ಡಿ ಚೀಲ ಹೊತ್ತು ಹೊತ್ತು ಜೋತುಬಿದ್ದಿದ್ದವು. ಕರಜಗಿಯ ಮನೆಯಂಗಳದಲ್ಲೇ ಅವನ್ನು ಬದಲಿಸಲು ಕೂತೆ. ಅಕ್ಕ ಜೊತೆಗಿದ್ದಳು. ಗಂಡ ತೀರಿದ ಮೇಲೆ ಅವಳು ನಮ್ಮಲ್ಲೇ ಇದ್ದಾಳೆ. ಪ್ರತಿ ಸಂತೆಗೂ ನನ್ನ ಪಕ್ಕದಲ್ಲಿ ಕೂತು ಅಫಜಲಪುರಕ್ಕೆ ಬರುತ್ತಿದ್ದಳು. ದಾರಿಯುದ್ದಕ್ಕೂ ಅವಳ ಮಾತು ನಿಲ್ಲುತ್ತಿರಲಿಲ್ಲ.

ಜಾಕ್ ಕೊಟ್ಟು ಗಾಡಿ ಎತ್ತಿದೆವು. ತುಕ್ಕು ಹಿಡಿದ ನಟ್ಟುಗಳಿಗೆ ಅವಳೇ ಎಣ್ಣೆ ಹನಿಸಿದಳು.

"ಒಂದ ಪಟ್ಟಿ ಹೆಚ್ಚಿಗಿ ಹಾಕ್ತೇನಿ ಅಕ್ಕಾ, ಇನ್ನ ಬಾಗಂಗಿಲ್ಲ," ಎಂದೆ.

"ಹಾಕೋ ತಮ್ಮಾ, ಗಟ್ಟಿ ಇರ್ಲಿ," ಎಂದಳು.

ಗಾಡಿ ಗಟ್ಟಿಯೇನೋ ಆಯಿತು. ಆದರೆ ಮಾಲು ಇಳಿಸಿ ಬರಿಗಾಡಿಯಲ್ಲಿ ಮರಳುವಾಗ ಸಣ್ಣ ತಗ್ಗಿಗೂ ನಮ್ಮನ್ನು ಎತ್ತಿ ಎತ್ತಿ ಒಗೆಯತೊಡಗಿತು. ಅಕ್ಕ ಮಾತನ್ನು ಅರ್ಧಕ್ಕೇ ಬಿಟ್ಟು ಸೊಂಟ ಹಿಡಿದುಕೊಳ್ಳುತ್ತಿದ್ದಳು. ರೂಢಿಯಾಗುತ್ತದೆ ಎಂದುಕೊಂಡೆ. ಒಂದು ಸಂತೆಯ ಬೆಳಿಗ್ಗೆ, "ನೀ ನಡಿಯೋ, ನಾ ಬಸ್ಸಿಗಿ ಬರ್ತೇನಿ," ಎಂದಳು.

ಕೆಲವು ತಿಂಗಳ ನಂತರ ಆ ಹೆಚ್ಚಿನ ಪಟ್ಟಿಯನ್ನು ಬಿಚ್ಚಿ ತೆಗೆದೆ. "ಈಗ ಮೊದಲಿನಂಗ ಮೆತ್ತಗ ಆಗ್ಯಾದ, ಬಾ ಅಕ್ಕಾ," ಎಂದು ಕರೆದೆ.

"ಬಸ್ಸಿನ್ಯಾಗ ನಮ್ಮ ಓಣಿ ಹೆಣ್ಮಕ್ಕಳು ಜಾಗಾ ಹಿಡದಿರ್ತಾರೋ. ಬ್ಯಾಸರ ಮಾಡ್ಕೋಬ್ಯಾಡ," ಎಂದು ನಕ್ಕಳು.

ಅವಳಿಗೆ ಜೊತೆ ಸಿಕ್ಕಿದ್ದು ಒಳ್ಳೆಯದೇ. ಆದರೂ ಅವಳು ಬಸ್ಸು ಹಿಡಿಯುವ ಮೊದಲೇ ಆ ಪಟ್ಟಿ ಬಿಚ್ಚಬೇಕಿತ್ತು ಅನ್ನಿಸುತ್ತದೆ. ಈಗ ಸಂತೆಗೆ ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ಒಬ್ಬನೇ ಹೋಗುತ್ತೇನೆ.